ಯಥಾಸ್ಥಿತಿ ಮೀಮಾಂಸೆ: ಬಾತಿಯ ಒಂದು ಎಮ್ಮೆಯನ್ನು ಮುಂದಿಟ್ಟುಕೊಂಡು

ಎಮ್ಮೆಗೆ ದಿನಕ್ಕೆ ಎಷ್ಟು ಹಾಕಬೇಕು ಎಂದು ಕೇಳಿದರೆ ‘ತಿನ್ನುವಷ್ಟು’ ಎನ್ನುವ ಒಂದು ಪರಂಪರೆ ನಮ್ಮಲ್ಲಿದೆ. ಅದರ ಮುಖ್ಯ ಆಚಾರ್ಯೆ ಪ್ರಬಂಧಕಾರನ ಅಜ್ಜಿ. ಆಕೆಯ ಮತವನ್ನು ಪೂರ್ವಪಕ್ಷವಾಗಿಟ್ಟು, ಪಾಶ್ಚಾತ್ಯ ಪ್ರಮಾಣಗಳಿಂದ ಖಂಡಿಸಿ, ಸಿದ್ಧಾಂತವನ್ನು ಸ್ಥಾಪಿಸುವುದು ಈ ಪ್ರಬಂಧದ ಉದ್ದೇಶವಾಗಿತ್ತು. ಖಂಡನೆ ಎಲ್ಲಿಯವರೆಗೆ ಬಂತು ಎಂಬುದನ್ನು ಸಹೃದಯರೇ ನೋಡಬೇಕು.

ವಿಷಯವನ್ನು ಮೊದಲು ನಿರ್ವಚಿಸುತ್ತೇನೆ. ಪಶು ಬೆಳೆಯಬಾರದು, ಸೊರಗಬಾರದು, ಗಬ್ಬವಾಗಿರಬಾರದು, ಹಾಲು ಕೊಡುತ್ತಿರಬಾರದು, ಗಾಡಿ ಎಳೆಯಬಾರದು. ನಿನ್ನೆ ಇದ್ದ ಹಾಗೆ ಇವತ್ತೂ ಇರಬೇಕು. ಹಾಗೆ ಇರಲಿಕ್ಕೆ ಎಷ್ಟು ಮೇವು ಬೇಕೋ ಅದಕ್ಕೆ ಪಶು ಆಹಾರ ಶಾಸ್ತ್ರದಲ್ಲಿ ಶರೀರ ನಿರ್ವಹಣೆಯ ಆಹಾರ ಎನ್ನುತ್ತಾರೆ. ಅಂಥ ಪಶುವನ್ನು ಯಾರಾದರೂ ಯಾಕೆ ಸಾಕುತ್ತಾರೆ ಎಂಬ ಪ್ರಶ್ನೆಯನ್ನು ಶಾಸ್ತ್ರ ಎತ್ತುವುದಿಲ್ಲ. ಅಜ್ಜಿ ಎತ್ತಿದಳು. ಉತ್ತರ ಸಿಗದೆ ಮುಂದಿನ ಪ್ರಕರಣಕ್ಕೆ ಹೋಗುತ್ತೇನೆ.

ನಾಮ ಪ್ರಕರಣ

ದಾವಣಗೆರೆಯಿಂದ ಹರಿಹರಕ್ಕೆ ಪಿ.ಬಿ. ರಸ್ತೆಯಲ್ಲಿ ಹೊರಟರೆ ನಡುವೆ ಬಾತಿ ಸಿಗುತ್ತದೆ. ಹಳೇಬಾತಿ, ದೊಡ್ಡಬಾತಿ ಎಂದು ಎರಡಿವೆ. ಕಂಡಕ್ಟರಿಗೆ ಎರಡೂ ಬಾತಿಯೇ. ಹೆಸರಿನ ಮೂಲದ ಬಗ್ಗೆ ಪ್ರಬಂಧಕಾರನು ಜಗುಲಿಯ ಮೇಲೆ ಕೂತು ಎರಡು ವಾದ ಹುಟ್ಟಿಸಿದ್ದಾನೆ. ಒಂದು: ‘ಬಾತ’ ಎಂದರೆ ಊದಿಕೊಂಡ, ಹಸಿ ಮೆಕ್ಕೆಜೋಳಕ್ಕೆ ನುಗ್ಗಿ ಹೊಟ್ಟೆ ಬಾತ ದನಗಳ ಊರು ಬಾತಿ. ಇನ್ನೊಂದು: ‘ಬಾ, ತಿನ್ನು’ ಎಂಬ ಆದರದ ಮಾತು, ಹೇಳುವವರ ಬಾಯಲ್ಲಿ ತುತ್ತು ಇದ್ದುದರಿಂದ ‘ಬಾ ತಿ’ ಎಂದಷ್ಟೇ ಕೇಳಿಸಿ, ಹಾಗೇ ನಿಂತಿತು. ಎರಡಕ್ಕೂ ಶಾಸನಾಧಾರವಿಲ್ಲ. ಎರಡೂ ನಮ್ಮ ವಿಷಯಕ್ಕೆ ಚೆನ್ನಾಗಿ ಒಗ್ಗುತ್ತವೆ, ವಿದ್ವತ್ತಿಗೆ ಅಷ್ಟು ಸಾಕು.

ಪ್ರಯೋಗಪಶುವಿನ ಹೆಸರು ಗೌರಿ. ಮುರ್ರಾ ಅಡ್ಡತಳಿ, ಎಡಗೊಂಬು ಕೊಂಚ ಕೆಳಗೆ, ಸ್ವಭಾವ ಗಂಭೀರ.

ತೂಕ ಪ್ರಕರಣ

ಮೇವನ್ನು ತೂಕದ ಮೇಲೆ ಹೇಳುತ್ತಾರಾದ್ದರಿಂದ ಮೊದಲು ತೂಕ ಬೇಕು. ತಕ್ಕಡಿ ಇಲ್ಲದವರಿಗೆ ಶೇಫರ್ ಎಂಬಾತನ ಸೂತ್ರವಿದೆ. ಮುಂಗಾಲ ಹಿಂದೆ ಎದೆಯ ಸುತ್ತಳತೆ ಇಂಚಿನಲ್ಲಿ ಹಿಡಿದು ವರ್ಗ ಮಾಡಿ, ಭುಜದಿಂದ ಪಿರ್ರೆಯವರೆಗಿನ ಉದ್ದದಿಂದ ಗುಣಿಸಿ, 300ರಿಂದ ಭಾಗಿಸಿದರೆ ಪೌಂಡಿನಲ್ಲಿ ತೂಕ ಬರುತ್ತದೆ. ಟೈಲರ್ ಟೇಪು 60 ಇಂಚಿಗೇ ಮುಗಿಯಿತು. ಎರಡು ಟೇಪನ್ನು ಪಿನ್ನು ಹಾಕಿ ಸೇರಿಸಿ ಅಳೆದಾಗ ಸುತ್ತಳತೆ 74, ಉದ್ದ 58. ಲೆಕ್ಕ ಹಾಕಿದರೆ 1,058 ಪೌಂಡು ಚಿಲ್ಲರೆ, ಅಂದರೆ 480 ಕೆ.ಜಿ. ಸುತ್ತಳತೆ ಹಿಡಿಯುವಾಗ ಗೌರಿ ಉಸಿರು ಬಿಟ್ಟಿದ್ದಳೋ ಎಳೆದಿದ್ದಳೋ ನೋಡಲಿಲ್ಲ. ಎಳೆದಿದ್ದರೆ ಒಂದಿಂಚಿಗೆ ಹದಿಮೂರು ಕೆ.ಜಿ. ಗಾಳಿ.

ಸಂಶಯ ನಿವಾರಣೆಗೆ ಹೈವೇಯ ಒಂದು ವೇಬ್ರಿಜ್‌ಗೆ ಹೋದೆವು. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹೇರಿದ ಲಾರಿಗಳ ಸಾಲು. ನಡುವೆ ಟ್ರ್ಯಾಕ್ಟರ್ ಟ್ರಾಲಿಯ ಮೇಲೆ ಗೌರಿ, ಅವಳ ಹಗ್ಗ ಹಿಡಿದು ಪ್ರಬಂಧಕಾರ. ‘ಇಳೀರಿ’ ಎಂದು ಆಪರೇಟರ್ ಕೂಗಿದ. ಇಳಿದರೆ ಗೌರಿಯೂ ಇಳಿಯುತ್ತಾಳೆ ಎಂದು ವಿವರಿಸುವಷ್ಟರಲ್ಲಿ ಹಿಂದಿನ ಲಾರಿ ಹಾರ್ನ್ ಹೊಡೆಯಿತು. ಚೀಟಿ ಬಂತು. ಖಾಲಿ ಟ್ರಾಲಿ ಕಳೆದು ನಿವ್ವಳ 540 ಕೆ.ಜಿ.; ಸರಕು ಎಂಬ ಕಡೆ ‘ಮೆಕ್ಕೆಜೋಳ’. ಪ್ರಬಂಧಕಾರನ ತೂಕ 60. ಕಳೆದರೆ ಕರಾರುವಾಕ್ಕಾಗಿ 480. ಶೇಫರನ ಸೂತ್ರ ಬಾತಿಯಲ್ಲಿ ಇಷ್ಟು ಸ್ವಚ್ಛವಾಗಿ ಸಿದ್ಧವಾದದ್ದನ್ನು ಕಂಡು ಕಣ್ಣು ತೇವವಾಯಿತು. ವೇಬ್ರಿಜ್ ಹತ್ತು ಹತ್ತು ಕೆ.ಜಿ.ಗೆ ಮಾತ್ರ ಎಣಿಸುತ್ತದೆ ಎಂದೂ, ಚೀಟಿ ಬರುವ ಮುಂಚೆ ಟ್ರಾಲಿಯಲ್ಲಿ ಒಂದು ಸಗಣಿ ಬಿದ್ದಿತ್ತೆಂದೂ ಆಪರೇಟರ್ ಹೇಳಿದ್ದನ್ನು ಇಲ್ಲಿ ದಾಖಲಿಸಿ ಮರೆಯುತ್ತೇನೆ.

ಉಷ್ಣ ಪ್ರಕರಣ

ಈ ಶಾಸ್ತ್ರದ ಮೂಲಪುರುಷ ಲಾವೋಸಿಯೆ. 1782–83ರ ಚಳಿಗಾಲದಲ್ಲಿ ಪ್ಯಾರಿಸ್ಸಿನಲ್ಲಿ ಲಪ್ಲಾಸನ ಜೊತೆಗೂಡಿ ಒಂದು ಗಿನಿಹಂದಿಯನ್ನು ಮಂಜುಗಡ್ಡೆಯ ನಡುವೆ ಕೂರಿಸಿ, ಅದರ ಮೈಬಿಸಿಗೆ ಎಷ್ಟು ಗಡ್ಡೆ ಕರಗಿತೆಂದು ಅಳೆದ. ಜೀವ ಎಂದರೆ ನಿಧಾನವಾಗಿ ಉರಿಯುವ ಒಲೆ ಎಂಬುದು ಅಲ್ಲಿಂದ ಬಂದ ಮಾತು. ಆಮೇಲೆ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಆರ್ಮ್ಸ್‌ಬಿ ಎಂಬ ಪಂಡಿತ ದನ ನಿಲ್ಲುವಷ್ಟು ದೊಡ್ಡ ಉಷ್ಣಮಾಪಕ ಕೋಣೆಯನ್ನೇ 1902ರಲ್ಲಿ ಕಟ್ಟಿಸಿದ. ಒಳಗೆ ಹೋದದ್ದು, ಹೊರಗೆ ಬಂದದ್ದು, ಉಸಿರು, ಬಿಸಿ ಎಲ್ಲಕ್ಕೂ ಲೆಕ್ಕ. 1932ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿದ್ದ ಮ್ಯಾಕ್ಸ್ ಕ್ಲೈಬರ್ ಇಲಿಯಿಂದ ಹೋರಿಯವರೆಗೆ ಎಲ್ಲವನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದ: ಉಪವಾಸದ ಜೀವಿ ಸುಮ್ಮನೆ ಬದುಕಿರಲು ದಿನಕ್ಕೆ ಬೇಕಾದ ಕಿಲೋಕ್ಯಾಲರಿ, ಅದರ ತೂಕದ ಮುಕ್ಕಾಲು ಘಾತದ ಸುಮಾರು ಎಪ್ಪತ್ತರಷ್ಟು.

ಮುಕ್ಕಾಲು ಘಾತ ಎಂದರೆ ಘನ ಮಾಡಿ ಎರಡು ಸಲ ವರ್ಗಮೂಲ ತೆಗೆಯುವುದು. ಮನೆಯ ಎಂಟಂಕಿಯ ಕ್ಯಾಲ್ಕುಲೇಟರಿನಲ್ಲಿ 480ನ್ನು ಘನ ಮಾಡಿದಾಗ ಅದು ‘ಇ’ ಎಂದು ಕೈಚೆಲ್ಲಿತು. ಗೌರಿ ಅದರಲ್ಲಿ ಹಿಡಿಸಲಿಲ್ಲ. ಗೊಬ್ಬರದಂಗಡಿಯ ಹನ್ನೆರಡಂಕಿಯದರಲ್ಲಿ ಹಿಡಿಸಿದಳು. ಘಾತ 102 ಚಿಲ್ಲರೆ. ಎಪ್ಪತ್ತರಿಂದ ಗುಣಿಸಿದರೆ ಸುಮಾರು 7,180. ಇದೇ ಲೆಕ್ಕದಲ್ಲಿ 70 ಕೆ.ಜಿ.ಯ ಮನುಷ್ಯನಿಗೆ 1,700ರ ಆಸುಪಾಸು. ಅಂದರೆ ಗೌರಿ ತೂಕಕ್ಕೆ ಏಳಾಳು, ಹೊಟ್ಟೆಗೆ ನಾಲ್ಕಾಳು. ಇಷ್ಟು ಮಿತವ್ಯಯದ ಬೀಗರನ್ನು ಈ ಸೀಮೆಯಲ್ಲಿ ಯಾರೂ ಕಂಡಿಲ್ಲ.

ಸೂತ್ರವನ್ನು ನಂಬದೆ ಲಾವೋಸಿಯೆಯ ದಾರಿಯಲ್ಲೇ ಪರೀಕ್ಷಿಸೋಣವೆಂದರೆ, ಒಂದು ಕೆ.ಜಿ. ಮಂಜುಗಡ್ಡೆ ಕರಗಲು 80 ಕಿಲೋಕ್ಯಾಲರಿ ಬೇಕು, ಆದ್ದರಿಂದ ಗೌರಿಗೆ ದಿನಕ್ಕೆ 90 ಕೆ.ಜಿ. ಐಸು. ಹರಿಹರದ ಐಸಿನವನಿಗೆ ಫೋನು ಮಾಡಿದಾಗ ‘ಮದುವೆ ಯಾವತ್ತು ಸಾರ್?’ ಎಂದ. ಎಮ್ಮೆಗೆ ಎಂದೆ. ಇಟ್ಟುಬಿಟ್ಟ.

ಉಪವಾಸ ಪ್ರಕರಣ

ನಡೆಯಲಿಲ್ಲ. ಕ್ಲೈಬರನ ಲೆಕ್ಕಕ್ಕೆ ಪಶು ಹೊಟ್ಟೆ ಖಾಲಿ ಇಟ್ಟುಕೊಂಡಿರಬೇಕು. ಮೆಲುಕು ಹಾಕುವ ಪ್ರಾಣಿಯ ದೊಡ್ಡ ಹೊಟ್ಟೆಯಲ್ಲಿ ದಾಸ್ತಾನು ಇರುವುದರಿಂದ ಒಂದು ರಾತ್ರಿ ಸಾಲದು, ಎರಡು ಮೂರು ದಿನ ಬೇಕು. ‘ಮೂಕ ಪ್ರಾಣೀನ ಉಪಾಸ ಕೆಡವಿ ಅದೇನ್ ಡಿಗ್ರಿ ಬರ್ತತೋ ನಿಂಗೆ? ಮೊದ್ಲು ನೀ ಕೆಡವ್ಕಂಡು ನೋಡು’ ಎಂದು ಅಜ್ಜಿ ಸೌದೆ ಕೈಗೆತ್ತಿಕೊಂಡಳು. ಶಾಸ್ತ್ರ ಇಂಥಲ್ಲಿ ಹಿಂದೆ ಸರಿಯುವುದು ಲೇಸು.

ಮೇವು ಪ್ರಕರಣ

ಪಠ್ಯದ ಪ್ರಕಾರ ಎಮ್ಮೆಗೆ ಮೈತೂಕದ ಶೇ. 2.5ರಿಂದ 3ರಷ್ಟು ಒಣ ಅಂಶ ಬೇಕು. ಗೌರಿಗೆ ಕಡಿಮೆಯೆಂದರೂ 12 ಕೆ.ಜಿ. ಮೂರರಲ್ಲಿ ಎರಡು ಪಾಲು ಹುಲ್ಲು ಸೊಪ್ಪೆ, ಒಂದು ಪಾಲು ಹಿಂಡಿ ಬೂಸಾ. ಹಾಲು ಕೊಡುವ ಎಮ್ಮೆಗಾದರೆ ಎರಡು ಲೀಟರಿಗೆ ಒಂದು ಕೆ.ಜಿ. ಹಿಂಡಿ ಮೇಲುಖರ್ಚು. ಬೆಂಗಳೂರಿನ ಆಡುಗೋಡಿಯಲ್ಲಿ 1995ರಿಂದ ಪಶು ಪೋಷಣೆಗೆಂದೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. ಅದೇ ಊರಿನ ಇಂಪೀರಿಯಲ್ ಡೈರಿಗೆ 1927ರಲ್ಲಿ ಗಾಂಧೀಜಿ ಹೋಗಿ ದನ ಸಾಕುವ ಪಾಠ ಕೇಳಿದ್ದರು. ನಮ್ಮಜ್ಜಿಗೆ ಪಾಠ ಹೇಳಲು ಇಷ್ಟು ಪೀಠಿಕೆ ಸಾಕೆಂದುಕೊಂಡೆ.

ಬೂಸಾದ ಬಗ್ಗೆ ಒಂದು ಮಾತು. ಅದರ ಪೌಷ್ಟಿಕ ಮೌಲ್ಯವನ್ನು ಕನ್ನಡಿಗರಷ್ಟು ತೀವ್ರವಾಗಿ ಚರ್ಚಿಸಿದವರು ಜಗತ್ತಿನಲ್ಲಿಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದಕ್ಕೆ ಬೀದಿಗಳಲ್ಲಿ ಗಲಭೆಯಾಗಿ ಅವರ ಮಂತ್ರಿಗಿರಿ ಹೋಯಿತು. ಆ ಬಿಸಿಯಲ್ಲೇ ಮುಂದೆ ದಲಿತ ಸಂಘರ್ಷ ಸಮಿತಿ ಮೂಡಿತು, ಅದನ್ನು ಕಟ್ಟಿದ ಪ್ರೊ. ಬಿ. ಕೃಷ್ಣಪ್ಪ ನಮ್ಮ ಪಕ್ಕದ ಹರಿಹರದವರು. ಇಡೀ ಗದ್ದಲದಲ್ಲಿ ಬೂಸಾ ಎಂದರೆ ಬೈಗುಳ ಎಂದು ಎಲ್ಲರೂ ಒಪ್ಪಿಕೊಂಡಿದ್ದರು. ಗೌರಿಯನ್ನು ಯಾರೂ ಕೇಳಲಿಲ್ಲ.

ಇನ್ನು ಹುಲ್ಲು. ಭತ್ತದ ಹುಲ್ಲಿನಲ್ಲಿ ಸಸಾರಜನಕ ಶೇ. 3–4 ಮಾತ್ರ, ಮೇಲೆ ಮರಳಿನಂಥ ಸಿಲಿಕಾ. ಅದೊಂದನ್ನೇ ತಿಂದ ಪಶು ಇದ್ದ ಹಾಗೆ ಇರಲಾರದು. ಪರಿಹಾರವಿದೆ: ನೂರು ಕೆ.ಜಿ. ಹುಲ್ಲಿಗೆ ನಾಲ್ಕು ಕೆ.ಜಿ. ಯೂರಿಯಾ ನೀರಲ್ಲಿ ಕರಗಿಸಿ ಚಿಮುಕಿಸಿ, ತಾಡಪಾಲು ಮುಚ್ಚಿ ಮೂರು ವಾರ ಇಡುವುದು. ‘ಗದ್ದೀಗೇ ಯೂರಿಯಾ ಸಿಗವಲ್ದು, ಬಣವೀಗೆ ಎಲ್ಲಿಂದ ತರಾನ?’ ಎಂದಳು ಅಜ್ಜಿ. ಹುಲ್ಲಾದರೂ ಎಲ್ಲಿದೆ? ಕೊಯ್ಲಿನ ಮಿಷನ್ನು ಬಂದಮೇಲೆ ಅದು ತುಂಡಾಗಿ ಗದ್ದೆಯಲ್ಲೇ ಚೆಲ್ಲುತ್ತದೆ. ಸುತ್ತಿ ಉರುಳೆ ಕಟ್ಟಿಸಬೇಕು, ಇಲ್ಲವೇ ಕಡ್ಡಿ ಗೀರಬೇಕು. ಅಂಗಳದ ಬಣವೆಗಳು ಒಂದೊಂದೇ ಕರಗಿವೆ.

ಅಜ್ಜಿ ಬೆಳಿಗ್ಗೆ ಪೇಪರ್ ಬಂದ ಕೂಡಲೇ ನನ್ನಿಂದ ಒಂದೇ ಒಂದು ಅಂಕಿ ಓದಿಸಿಕೊಳ್ಳುತ್ತಾಳೆ: ಭದ್ರಾ ಡ್ಯಾಮಿನಲ್ಲಿ ಎಷ್ಟು ಅಡಿ. ತುಂಬಿದರೆ 186. ನಮ್ಮದು ನಾಲೆಯ ಕೊನೆ ಭಾಗ. ಆನ್–ಆಫ್ ಲೆಕ್ಕದಲ್ಲಿ ನೀರು ಬಿಟ್ಟಾಗ ಡ್ಯಾಮಿರುವ ಲಕ್ಕವಳ್ಳಿಯಿಂದ ಹೊರಟದ್ದು ಇಲ್ಲಿಗೆ ಮುಟ್ಟುವಷ್ಟರಲ್ಲಿ ಆಫ್ ಆಗುವುದುಂಟು. ಅಡಿ ಕೇಳಿದ ಮೇಲೆ ಆಕೆ ಏನೂ ಮಾತಾಡುವುದಿಲ್ಲ. ಆದರೆ ಅಂಕಿ ಇಳಿದ ದಿನಗಳಲ್ಲಿ ಗ್ವಾದಲಿಗೆ ಬೀಳುವ ಹುಲ್ಲಿನ ಹಿಡಿ ಸಣ್ಣದಾಗುತ್ತದೆ. ಬೇಸಿಗೆ ಬೆಳೆಗೆ ನೀರಿಲ್ಲ ಎಂಬ ಸುದ್ದಿ ಹಬ್ಬುವ ಮೊದಲೇ ಯಾರಿಗೋ ಹೇಳಿ ಹತ್ತು ಉರುಳೆ ಹುಲ್ಲು ತರಿಸಿ ಮುಚ್ಚಿಡುತ್ತಾಳೆ. ಕ್ಲೈಬರನ ಸೂತ್ರದಲ್ಲಿ ತೂಕವಿದೆ, ಘಾತವಿದೆ. ಭದ್ರೆಯ ಅಡಿ ಎಲ್ಲಿ ಸೇರಿಸಬೇಕೆಂದು ಮೂರು ರಾತ್ರಿ ಯೋಚಿಸಿದೆ. ಘಾತದ ಪಕ್ಕದಲ್ಲಿ ಜಾಗ ಸಾಲಲಿಲ್ಲ.

ಕಳವು ಪ್ರಕರಣ

ಆರು ದಿನ ಪ್ರತಿ ಹಿಡಿ ಮೇವನ್ನೂ ತೂಗಿ ಬರೆದೆ. ಲೆಕ್ಕಕ್ಕಿಂತ ಮೂರು ಕೆ.ಜಿ. ಕಡಿಮೆ ಹಾಕಿದರೂ ಗೌರಿಯ ಸುತ್ತಳತೆ 74 ಇಂಚಿನಿಂದ ಅಲುಗಲಿಲ್ಲ. ಇದು ಶಾಸ್ತ್ರಲೋಕವನ್ನೇ ನಡುಗಿಸುವ ಸಂಶೋಧನೆ ಎಂದು ನನಗೂ ನಡುಕ ಬಂತು. ಏಳನೇ ದಿನ ಕೊಟ್ಟಿಗೆಯ ಹಿಂದೆ ಅಡಗಿ ಕೂತೆ. ಮಧ್ಯಾಹ್ನ ಪಕ್ಕದ ಮನೆಯ ಚಿಗವ್ವ ಒಂದು ಬಕೆಟ್ ಕಲಗಚ್ಚು ತಂದಿಟ್ಟಳು. ತಳದಲ್ಲಿ ಅನ್ನ, ಅವಲಕ್ಕಿ, ಎರಡು ಹಳಸಿದ ಮುದ್ದೆ. ಸಂಜೆ ಕೆರೆಯಿಂದ ಬರುವ ದಾರಿಯಲ್ಲಿ ಒಬ್ಬರ ಬದುವಿನ ಹಸಿಹುಲ್ಲು. ರಾತ್ರಿ ಎಂಟಕ್ಕೆ, ಎಲ್ಲರೂ ಟಿ.ವಿ. ಮುಂದಿರುವಾಗ, ಅಜ್ಜಿಯೇ ಸೆರಗಿನಲ್ಲಿ ಶೇಂಗಾ ಹಿಂಡಿ ಮುಚ್ಚಿಕೊಂಡು ಬಂದಳು.

‘ಇದನ್ನ ಯಾಕೆ ಬರೆಸಿಲ್ಲ ಅಜ್ಜಿ?’

‘ಬರೆಸಿದ್ರೆ ನೀ ಬ್ಯಾಡ ಅಂತಿದ್ದಿ.’

‘ಎಷ್ಟು ಹಾಕಬೇಕು ಅಂತ ನಿಂಗೆ ಹೆಂಗೆ ಗೊತ್ತಾಗ್ತತಿ?’

ಆಕೆ ಗೌರಿಯ ಎಡಪಕ್ಕೆಯ ಹತ್ತಿರ ಕರೆದು, ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ ನನ್ನ ಅಂಗೈ ಇಡಿಸಿದಳು. ಅಲ್ಲಿ ಗುಳಿ ಬಿದ್ದಿದ್ದರೆ ಹಸಿವು, ಸಮನಾಗಿದ್ದರೆ ಸಾಕು, ಉಬ್ಬಿ ಡೋಲಿನಂತೆ ಸದ್ದು ಮಾಡಿದರೆ ಗೊಟ್ಟದಲ್ಲಿ ಎಣ್ಣೆ ಕುಡಿಸಬೇಕು. ಎಡಗಡೆಯೇ ಯಾಕೆಂದರೆ ದೊಡ್ಡ ಹೊಟ್ಟೆ ಇರುವುದು ಅಲ್ಲೇ. ಚರ್ಮದ ಕೆಳಗೆ ಏನೋ ನಿಧಾನವಾಗಿ ಹೊರಳಿ, ನನ್ನ ಕೈಯನ್ನು ಎತ್ತಿ, ಮತ್ತೆ ಇಳಿಸಿತು. ಆರ್ಮ್ಸ್‌ಬಿಯ ಕೋಣೆಗೆ ಬಾಗಿಲಿನಿಂದ ಹೋಗಬೇಕು. ಇದಕ್ಕೆ ಕೈ ಇಟ್ಟರೆ ಆಯಿತು.

ಲೆಕ್ಕ ಪ್ರಕರಣ

ಹಾಲಿನ ಡೈರಿಯ ದುಡ್ಡು ಅಜ್ಜಿಯ ಬ್ಯಾಂಕ್ ಪಾಸ್‌ಬುಕ್ಕಿಗೆ ಬರುತ್ತದೆ. ಹಿಂಡಿ, ಹುಲ್ಲು, ಡಾಕ್ಟರು ಎಂದು ಅಲ್ಲಿಂದಲೇ ಹೋಗುತ್ತದೆ. ಮೂರು ವರ್ಷದ ಪುಟ ತಿರುವಿದೆ. ಏರಿಲ್ಲ, ಇಳಿದಿಲ್ಲ. ಶಾಸ್ತ್ರ ಕೇಳುವ ಯಥಾಸ್ಥಿತಿ ಇಡೀ ಬಾತಿಯಲ್ಲಿ ಸಿಕ್ಕಿದ್ದು ಆ ಪಾಸ್‌ಬುಕ್ಕಿನಲ್ಲಿ.

ಅದರ ನಡುವೆ ಮಡಚಿಟ್ಟ ವೇಬ್ರಿಜ್ ಚೀಟಿ ಜಾರಿ ಬಿತ್ತು. ‘ಏನ್ ಬರ್ದೈತಿ ಓದು’ ಎಂದಳು.

‘ಮೆಕ್ಕೆಜೋಳ, 540 ಕೆ.ಜಿ.’

‘ಇದ್ರಾಗೆ ನೀನೂ ಅದೀಯಲ್ಲ?’

‘ಅರವತ್ತು ಕೆ.ಜಿ. ನಂದೇ.’

ಅಜ್ಜಿ ಚೀಟಿಯನ್ನು ಮತ್ತೆ ಮಡಚಿ ಪಾಸ್‌ಬುಕ್ಕಿನಲ್ಲಿಟ್ಟಳು. ‘ಇಬ್ರೂ ಮೆಕ್ಕೆಜೋಳನೇ ಆಗಿದ್ರೆ ಹೊತ್ತು ಹೊತ್ತಿಗೆ ಹಾಕಾದಾದ್ರೂ ತಪ್ತಿತ್ತು. ಏಳು, ರೊಟ್ಟಿ ಆರ್ತತಿ.’