ಕತ್ತಲಲ್ಲೊಬ್ಬ ವ್ಯಾಖ್ಯಾನಕಾರ

ಸಿನಿಮಾ ನಡೆಯುವಾಗ ಫೋನು ಬೆಳಗಿಸುವವರು, ಮುಂದಿನ ಸೀಟಿಗೆ ಕಾಲು ಕೊಡುವವರು, ಹಸುಗೂಸನ್ನು ಎತ್ತಿಕೊಂಡು ಸೆಕೆಂಡ್ ಶೋಗೆ ಬರುವವರು ಇವರನ್ನೆಲ್ಲ ನಾನು ಎಂದೋ ಕ್ಷಮಿಸಿದ್ದೇನೆ. ವಿಜ್ಞಾನದ ಸಿನಿಮಾಕ್ಕೆ ಬಂದು ಪಕ್ಕದವರಿಗೆ ವಿಜ್ಞಾನ ಹೇಳಿಕೊಡುವವರ ವಿಷಯದಲ್ಲಿ ಮಾತ್ರ ಮನಸ್ಸು ಇನ್ನೂ ಕರಗಿಲ್ಲ. ಇಂಥವರು ಮನೆಗೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಆ ಸ್ಥಾನ ನನ್ನ ಷಡ್ಡಕರದು.

ಗಮಕ ವಾಚನದಲ್ಲೂ ವ್ಯಾಖ್ಯಾನಕಾರರಿರುತ್ತಾರೆ, ನಿಜ. ಆದರೆ ಅವರು ಗಮಕಿ ಪದ್ಯ ಮುಗಿಸುವ ತನಕ ಕಾಯುತ್ತಾರೆ. ನಮ್ಮವರು ಪದ್ಯಕ್ಕೆ ಮುಂಚೆಯೇ ಅರ್ಥ ಹೇಳಿ ಮುಗಿಸಿರುತ್ತಾರೆ. ಅದೂ ಪಿಸುಮಾತಿನಲ್ಲಿ. ಎಡಗಿವಿ ಕೊಂಚ ಮಂದವಾದ್ದರಿಂದ ಅವರ ಪಿಸುಮಾತು ನಾಲ್ಕು ಸಾಲು ಆಚೆಗೂ ಸ್ಪಷ್ಟವಾಗಿ ಕೇಳುತ್ತದೆ.

ಟೈಟಲ್ ಕಾರ್ಡ್ ತಪ್ಪಿದರೆ ಒಳಗೆ ಕಾಲಿಡುವುದಿಲ್ಲ. ಕೊನೆಯ ಹೆಸರು ಹೋಗುವವರೆಗೆ ಏಳುವುದೂ ಇಲ್ಲ. ಉಪೇಂದ್ರರ ‘ಹಾಲಿವುಡ್’ ನೋಡುವಾಗ ಜನರೆಲ್ಲ ಶಿಳ್ಳೆ ಹೊಡೆಯುತ್ತಿದ್ದರೆ ಇವರು ಆ ರೋಬಾಟಿನ ಬ್ಯಾಟರಿ ಎಷ್ಟು ಹೊತ್ತು ಬಂದೀತು ಎಂಬ ಲೆಕ್ಕದಲ್ಲಿದ್ದರಂತೆ.

2014ರ ‘ಇಂಟರ್‌ಸ್ಟೆಲ್ಲರ್’ 2025ರ ಫೆಬ್ರವರಿಯಲ್ಲಿ ಐಮ್ಯಾಕ್ಸ್ ಪರದೆಗೆ ಮರಳಿ ಬಂದಾಗ ಅವರ ಫೋನು ಬಂತು. “ಟಿಕೆಟ್ ತೆಗೆದಿದ್ದೀನಿ ಕಣ್ರೀ, ನೀವು ಸುಮ್ನೆ ಬನ್ನಿ.” ಸುಮ್ಮನಿರಬೇಕಾದವನು ನಾನೊಬ್ಬನೇ ಎಂಬುದು ಲೈಟು ಆರಿದ ಮೇಲೆ ತಿಳಿಯಿತು.

ಬ್ರಹ್ಮಾಂಡದ ಒಳದಾರಿ ಹೇಗಿರುತ್ತದೆಂದು ಚಿತ್ರದಲ್ಲಿ ಒಬ್ಬ ವಿಜ್ಞಾನಿ ಕಾಗದ ಮಡಿಚಿ, ಪೆನ್ನು ಚುಚ್ಚಿ ತೋರಿಸುತ್ತಾನೆ. ಷಡ್ಡಕರಿಗೆ ಅದು ಸಾಲಲಿಲ್ಲ. ಇಂಟರ್‌ವಲ್‌ನಲ್ಲಿ ಟಿಶ್ಯೂ ಮಡಿಚಿ ಕೂಲ್‌ಡ್ರಿಂಕ್ಸ್ ಸ್ಟ್ರಾ ಚುಚ್ಚಿದರು. ನನ್ನ ಪ್ಯಾಂಟಿನ ಮೇಲೆ ಅರ್ಧ ಲೋಟ ಚೆಲ್ಲಿತು. ಅಷ್ಟರಲ್ಲಿ ಅತ್ತಿಗೆ ಪಾಪ್‌ಕಾರ್ನ್ ಕ್ಯೂನಿಂದ ವಾಪಸ್ಸು ಬಂದರು. “ಎಷ್ಟು ಹೊತ್ತಾಯ್ತು, ಇಪ್ಪತ್ತು ನಿಮಿಷ? ಆ ನೀರಿನ ಗ್ರಹದಲ್ಲಿ ಒಂದು ಗಂಟೆ ಅಂದ್ರೆ ಭೂಮೀಲಿ ಏಳು ವರ್ಷ. ನೀನು ಅಲ್ಲಿ ಕ್ಯೂ ನಿಂತಿದ್ರೆ ಇಲ್ಲಿ ನಮಗೆ ಎರಡು ವರ್ಷ ನಾಲ್ಕು ತಿಂಗಳು!” ಅತ್ತಿಗೆ ಡಬ್ಬ ಕೈಗಿತ್ತು, “ನಿಮ್ಮ ಪಕ್ಕ ಕೂತವರಿಗೂ ಹಾಗೇ ಆಗತ್ತೆ” ಎಂದರು.

ನಿಜವಾದ ಅನಾಹುತ ನಡೆದದ್ದು ಆಮೇಲೆ. ಡಾಕ್ಟರ್ ಮ್ಯಾನ್ ಎಂಬ ಕಿಡಿಗೇಡಿ ಸರಿಯಾಗಿ ಜೋಡಣೆಯಾಗದ ನೌಕೆಯ ಬಾಗಿಲು ತೆರೆಯುತ್ತಾನೆ. ಅವನ ಭಾಷಣ ಅರ್ಧಕ್ಕೆ ತುಂಡಾಗಿ ನೌಕೆ ಸಿಡಿಯುತ್ತದೆ. ಬಾಹ್ಯಾಕಾಶದಲ್ಲಿ ಗಾಳಿಯಿಲ್ಲ, ಸದ್ದು ಹುಟ್ಟುವಂತಿಲ್ಲ. ಹಾಗಾಗಿ ನಿರ್ದೇಶಕ ನೋಲನ್ ಅಲ್ಲಿ ಇಡೀ ಧ್ವನಿಯನ್ನೇ ನಿಲ್ಲಿಸಿಬಿಟ್ಟಿದ್ದಾನೆ. ಅಷ್ಟು ಹೊತ್ತು ಎದೆ ನಡುಗಿಸುತ್ತಿದ್ದ ಸ್ಪೀಕರುಗಳು ಒಮ್ಮೆಗೇ ಬಾಯಿ ಮುಚ್ಚಿದವು. ನೂರಾರು ಜನ ಉಸಿರು ಬಿಗಿಹಿಡಿದಿದ್ದಾರೆ. ಆಗ ಇಡೀ ಮಂದಿರದಲ್ಲಿ ಕೇಳಿದ್ದು ಒಂದೇ ದನಿ:

“ನೋಡಿ, ಇಲ್ಲಿ ಶಬ್ದ ಬರಲ್ಲ. ಯಾಕೆ ಹೇಳಿ?”

ಹಿಂದಿನಿಂದ ಯಾರೋ ಹುಡುಗ ಕೂಗಿದ: “ಸಾರ್, ನೀವೂ ಅಲ್ಲಿಗೇ ಹೋಗ್ಬಿಡಿ!”

ಮಂದಿರಕ್ಕೆ ಮಂದಿರವೇ ನಕ್ಕಿತು. ನಾನೂ ನಕ್ಕೆ, ಕತ್ತಲಿತ್ತಲ್ಲ, ಧೈರ್ಯ. ಷಡ್ಡಕರು ಮಾತ್ರ, “ಹುಡುಗನಿಗೆ ಕಾನ್ಸೆಪ್ಟ್ ಅರ್ಥವಾಗಿದೆ” ಎಂದು ಸಂತೋಷಪಟ್ಟರು.

ಇಷ್ಟೆಲ್ಲ ಮಾತಾಡುವ ಮನುಷ್ಯ ಒಂದು ಕಡೆ ತೆಪ್ಪಗಾದರು. ಕೊನೆಗೆ ನೌಕೆ ಗಾರ್ಗ್ಯಾಂಟುವಾದತ್ತ, ಆ ಕಪ್ಪುಕುಳಿಯತ್ತ ಬೀಳುವಾಗ ಪರದೆಯ ತುಂಬ ಬೆಳಕಿನ ಬಳೆ, ನಡುವೆ ಕಡುಗಪ್ಪು. ಪಕ್ಕದಿಂದ ಸೊಲ್ಲೇ ಇಲ್ಲ. ಏನಾಯಿತೋ ಎಂದು ತಿರುಗಿ ನೋಡಿದೆ. ಬಾಯಿ ತೆರೆದೇ ಇತ್ತು, ಕನ್ನಡಕದ ಎರಡೂ ಗಾಜಿನಲ್ಲಿ ಆ ಬಳೆ ಹೊಳೆಯುತ್ತಿತ್ತು, ಕೈಯಲ್ಲಿದ್ದ ಪಾಪ್‌ಕಾರ್ನ್ ಬಾಯಿಗೆ ಹೋಗುವುದನ್ನು ಮರೆತಿತ್ತು. ಸ್ವಲ್ಪ ಹೊತ್ತಿನ ಮೇಲೆ ನಿಜವಾಗಿಯೂ ಮೆಲುದನಿಯಲ್ಲಿ ಹೇಳಿದರು: “ಕಿಪ್ ಥಾರ್ನ್ ಸಮೀಕರಣ ಬರೆದುಕೊಟ್ಟದ್ದು. ಕೆಲವು ಫ್ರೇಮು ತಯಾರಾಗೋಕೆ ಕಂಪ್ಯೂಟರಿಗೆ ನೂರು ಗಂಟೆ ಹಿಡೀತು. ಆಮೇಲೆ 2017ರಲ್ಲಿ ಅವರಿಗೆ ನೊಬೆಲ್ ಬಂತು, ಗುರುತ್ವ ಅಲೆಗೆ.” ಅವರಿಗೇ ಬಂದಷ್ಟು ಹೆಮ್ಮೆ ಆ ದನಿಯಲ್ಲಿ.

ಷಡ್ಡಕರು ಬಿ.ಎಸ್ಸಿ.ಯಲ್ಲಿ ಭೌತಶಾಸ್ತ್ರಕ್ಕೆ ಕಾಲೇಜಿಗೇ ಮೊದಲಿಗರು. ತಂದೆ ತೀರಿಕೊಂಡರು, ತಂಗಿಯರ ಮದುವೆ ಬಾಕಿಯಿತ್ತು, ಬ್ಯಾಂಕ್ ಪರೀಕ್ಷೆ ಬರೆದರು. ನಿವೃತ್ತಿಯ ತನಕ ಬೆಳೆಸಾಲದ ಬಡ್ಡಿ ಲೆಕ್ಕ ಹಾಕಿದರು. ಕಪ್ಪುಕುಳಿಯ ಬಗ್ಗೆ ಅವರನ್ನು ಯಾರೂ ಏನೂ ಕೇಳಿದವರಲ್ಲ, ಮನೆಯಲ್ಲಿ ಕೂಡ. ಮಾತು ತೆಗೆದರೆ ಅತ್ತಿಗೆಗೆ ಕುಕ್ಕರ್ ನೆನಪಾಗುತ್ತದೆ, ಮಕ್ಕಳಿಗೆ ಆಫೀಸ್ ಕಾಲ್. ಎದ್ದು ಹೋಗಲಾಗದ ಶ್ರೋತೃ ಸಿಗುವುದು ಥಿಯೇಟರಿನಲ್ಲಿ ಮಾತ್ರ, ಅದೂ ಸಾಲಿನ ನಡುವಿನ ಸೀಟು ತೆಗೆದರೆ. ಅವರು ಯಾವಾಗಲೂ ನಡುವಿನ ಸೀಟನ್ನೇ ತೆಗೆಯುತ್ತಾರೆ.

ಮುಂದಿನ ಬಾಹ್ಯಾಕಾಶದ ಸಿನಿಮಾಕ್ಕೂ ನನಗೆ ಕರೆ ಬರುತ್ತದೆ, ಅನುಮಾನವಿಲ್ಲ. ಓದುಗರಲ್ಲಿ ಒಂದೇ ಕೋರಿಕೆ. ನಿಮ್ಮ ಮನೆಯಲ್ಲಿ ಭೌತಶಾಸ್ತ್ರ ಓದುವ ಮಕ್ಕಳಿದ್ದರೆ ದಯವಿಟ್ಟು ತಿಳಿಸಿ. ಟಿಕೆಟ್ ಖರ್ಚು ಷಡ್ಡಕರದು. ನಡುವೆ ಎರಡು ಪ್ರಶ್ನೆ ಕೇಳಿದರೆ ಪಾಪ್‌ಕಾರ್ನ್ ಕೂಡ ಕೊಡಿಸುತ್ತಾರೆ.