‘ನಂಗೂ ಲಿನಕ್ಸ್ ಹಾಕ್ಬುಟ್ರು ಸ್ವಾಮಿ!’: ಮಧುರೆಯ ಹಳೇ ಕಂಪ್ಯೂಟರಿನ ಸಂದರ್ಶನ

ಮಧುರೆ ದೊಡ್ಡಬಳ್ಳಾಪುರ ತಾಲ್ಲೂಕಿನ ಒಂದು ಹೋಬಳಿ. ಶನಿವಾರ ಬಂತೆಂದರೆ ಚಿಕ್ಕಮಧುರೆಯ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಲು ಬೆಂಗಳೂರಿನಿಂದಲೂ ಜನ ಬರುತ್ತಾರೆ. ಉಳಿದ ದಿನಗಳಲ್ಲಿ ಈ ಕಡೆಯ ಜನ ಸಾಲು ನಿಲ್ಲುವುದು ಪಹಣಿಗೆ, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ಆಧಾರ್ ಜೆರಾಕ್ಸಿಗೆ. ಅಂಥದೊಂದು ಜೆರಾಕ್ಸ್ ಅಂಗಡಿಯ ಮೂಲೆಯಲ್ಲಿ, ಗಣಪತಿ ಪಟದ ಕೆಳಗೆ, ಊದುಬತ್ತಿ ಬೂದಿ ಮೈಮೇಲೆ ಬೀಳಿಸಿಕೊಂಡು ಕೂತಿರುವ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ‘ಡಬ್ಬಪ್ಪ’ ಎಂದು ಹೆಸರು. ಹದಿನಾಲ್ಕು ವರ್ಷ ವಿಂಡೋಸ್ ಪಕ್ಷದಲ್ಲಿದ್ದ ಡಬ್ಬಪ್ಪನವರು ಈಚೆಗೆ ಲಿನಕ್ಸ್ ಸೇರಿದ್ದಾರೆ. ಅವರೊಂದಿಗೆ ನಡೆಸಿದ ಕಾಲ್ಪನಿಕ ಸಂದರ್ಶನ ಇಲ್ಲಿದೆ.

ಪ್ರಶ್ನೆ: ಡಬ್ಬಪ್ಪನವರೇ, ಈ ವಯಸ್ಸಿನಲ್ಲಿ ಪಕ್ಷಾಂತರ ಬೇಕಿತ್ತೇ?

ಡಬ್ಬಪ್ಪ: ನಾನೆಲ್ಲಿ ಬಿಟ್ಟೆ ಸ್ವಾಮಿ, ವಿಂಡೋಸ್ ಕಂಪನಿಯೋರೇ ಬಿಟ್ರು. 2025ರ ಅಕ್ಟೋಬರ್ 14ನೇ ತಾರೀಕು ವಿಂಡೋಸ್ 10ಕ್ಕೆ ಎಳ್ಳುನೀರು ಬಿಟ್ರು. ‘ವಿಂಡೋಸ್ 11 ಹಾಕ್ಕೊ’ ಅಂದ್ರು. ಹಾಕ್ಕೊಳಕ್ಕೆ ಹೋದ್ರೆ ‘ನಿನ್ನತ್ರ ಟಿಪಿಎಂ 2.0 ಅನ್ನೋ ಭದ್ರತಾ ಚಿಪ್ ಇಲ್ಲ, ನಿನ್ನ ಪ್ರೊಸೆಸರ್ರು ನಮ್ಮ ಪಟ್ಟೀಲಿಲ್ಲ’ ಅಂತ ಬಾಗಿಲು ಹಾಕ್ಕೊಂಡ್ರು. ಇಂಟೆಲ್ ವಂಶದವರಾದ್ರೆ ಎಂಟನೇ ತಲೆಮಾರಿಂದ ಈಚೆಗೆ ಹುಟ್ಟಿರಬೇಕಂತೆ. ನಾನು ಎರಡನೇ ತಲೆಮಾರಿನ ಐ3, ನಾಲ್ಕು ಜಿಬಿ ರ‍್ಯಾಮಿನವನು. ಬೇಕಾದ್ರೆ ಇನ್ನೊಂದು ವರ್ಷ ಸೆಕ್ಯುರಿಟಿ ಅಪ್‌ಡೇಟ್ ಕೊಡ್ತೀವಿ ಅಂದ್ರು, 2026ರ ಅಕ್ಟೋಬರಿಗೆ ಅದೂ ಮುಗೀತದೆ. ಏಳರಾಟದ ಶನಿ ಏಳೂವರೆ ವರ್ಷ ಕಾಡಿದ್ರೂ ಹೋಗೋವಾಗ ಏನಾದ್ರೂ ಕೊಟ್ಟೇ ಹೋಗ್ತಾನೆ ಅಂತ ನಮ್ಮೋರ ನಂಬಿಕೆ. ಇವ್ರು ಹತ್ತು ವರ್ಷ ಕೂತಿದ್ದು, ಹೋಗೋವಾಗ ‘ಹೊಸ ಕಂಪ್ಯೂಟರ್ ತಗೊ’ ಅಂದ್ಬುಟ್ಟು ಹೋದ್ರು.

ಪ್ರಶ್ನೆ: ಪಕ್ಷಾಂತರಕ್ಕೆ ಮುಂಚೆ ನಿಮ್ಮನ್ನೂ ದೇವನಹಳ್ಳಿ ಕಡೆಯ ರೆಸಾರ್ಟಿಗೆ ಕರೆದುಕೊಂಡು ಹೋಗಿದ್ದರೇ?

ಡಬ್ಬಪ್ಪ: ಅಷ್ಟು ಖರ್ಚೆಲ್ಲಿ ಸ್ವಾಮಿ, ಒಂದು ಪೆನ್ ಡ್ರೈವಲ್ಲೇ ಮುಗಿಸಿದ್ರು. ಅಂಗಡಿ ಹುಡುಗ ಲಿನಕ್ಸಿನ ಐಎಸ್‌ಒ ಫೈಲ್ ಇಳಿಸ್ಕೊಂಡ, ರೂಫಸ್ ಅನ್ನೋ ತಂತ್ರಾಂಶದಲ್ಲಿ ಪೆನ್ ಡ್ರೈವಿಗೆ ಬರೆದ, ಬಯಾಸಿಗೆ ಹೋಗಿ ಬೂಟ್ ಆರ್ಡರ್ ಬದಲಾಯಿಸಿದ. ಹಾರ್ಡ್ ಡಿಸ್ಕ್ ಮುಟ್ಟದೇನೆ ಪೆನ್ ಡ್ರೈವಿಂದ್ಲೇ ಎದ್ದು ಕೂತೆ. ಲೈವ್ ಅಂತಾರೆ ಇದಕ್ಕೆ. ಹಿಡಿಸಲಿಲ್ಲವಾ, ಪೆನ್ ಡ್ರೈವ್ ಕಿತ್ತು ರೀಸ್ಟಾರ್ಟ್ ಮಾಡಿದ್ರೆ ಹಳೇ ಪಕ್ಷದಲ್ಲೇ ಇರ್ತೀನಿ. ರಾಜೀನಾಮೆ ಕೊಡದೇನೆ ಆ ಕಡೆ ಸರ್ಕಾರ ಹೆಂಗೈತೆ ಅಂತ ನೋಡ್ಕೊಂಡು ಬರೋ ಸೌಕರ್ಯ ನಿಮ್ಮ ಶಾಸಕರಿಗೂ ಇಲ್ಲ.

ಪ್ರಶ್ನೆ: ಲಿನಕ್ಸ್ ಒಂದೇ ಎನ್ನುತ್ತಾರೆ, ಆದರೆ ಅದರ ರೂಪಗಳು, ಅಂದರೆ ಡಿಸ್ಟ್ರೋಗಳು, ನೂರಾರು. ಇದೇನು ಗೊಂದಲ?

ಡಬ್ಬಪ್ಪ: ದೊಡ್ಡಬಳ್ಳಾಪುರದ ಪವರ್‌ಲೂಮ್‌ಗಳ ಕಡೆ ಒಂದು ಸುತ್ತು ಹಾಕಿ ಬನ್ನಿ. ನೂಲು ಒಂದೇ, ಬಣ್ಣ ಬೇರೆ, ಅಂಚು ಬೇರೆ, ಸೆರಗು ಬೇರೆ. ಇಲ್ಲಿ ನೂಲು ಅಂದ್ರೆ ಕರ್ನೆಲ್. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ವಿದ್ಯಾರ್ಥಿಯಾಗಿದ್ದಾಗ ಬರೆಯೋಕೆ ಶುರುಮಾಡಿದ್ದು. ಅದಕ್ಕೆ ಬೇರೆ ಬೇರೆ ಸಲಕರಣೆ ಸೇರಿಸಿ 1993ರಲ್ಲಿ ಸ್ಲ್ಯಾಕ್‌ವೇರ್, ಡೆಬಿಯನ್ ಎರಡೂ ಹುಟ್ಟಿದ್ವು. ಡೆಬಿಯನ್ನಿಂದ 2004ರಲ್ಲಿ ಉಬುಂಟು, ಉಬುಂಟುವಿಂದ 2006ರಲ್ಲಿ ಮಿಂಟ್. ನಮ್ಮ ಸರ್ಕಾರದ ಸಿ-ಡ್ಯಾಕ್‌ನವರೂ ಡೆಬಿಯನ್ ತಗೊಂಡು ‘ಬಾಸ್’ ಅಂತ ಒಂದು ಮಾಡವ್ರೆ. ಸರ್ಕಾರದ ಯಾವ ಕಚೇರಿಗೆ ಹೋದ್ರೂ ಬಾಸ್ ಸೀಟಲ್ಲಿ ಇರಲ್ಲ, ಹಂಗೇ ಈ ಬಾಸೂ ನಮ್ಮ ಕಡೆ ಕಂಡಿದ್ದು ಅಪರೂಪ.

ಪ್ರಶ್ನೆ: ಹಾಗಾದರೆ ನಿಮ್ಮ ಮೇಲೆ ಏನೇನು ಪ್ರಯೋಗ ನಡೆಯಿತು? ಯಾವುದು ಸುಲಭ, ಯಾವುದು ಕಷ್ಟ?

ಡಬ್ಬಪ್ಪ: ಹುಡುಗನಿಗೆ ವೆಂಟಾಯ್ ಅಂತ ಒಂದು ಸಿಕ್ಬುಡ್ತು. ಒಂದೇ ಪೆನ್ ಡ್ರೈವಿಗೆ ಎಷ್ಟು ಐಎಸ್‌ಒ ಬೇಕಾದ್ರೂ ತುಂಬಬೋದು. ಅಲ್ಲಿಗೆ ನನ್ನ ಕಥೆ ಮುಗೀತು. ಮೊದ್ಲು ಆರ್ಚ್. ಕಪ್ಪು ಪರದೆ, ಮಿಣುಕೋ ಕರ್ಸರ್. ‘ಮುಂದೇನು?’ ಅಂತ ನಾನು ಹುಡುಗನ್ನ ನೋಡ್ದೆ, ಹುಡುಗ ನನ್ನ ನೋಡ್ದ. 2021ರಿಂದ ಆರ್ಚ್‌ಇನ್‌ಸ್ಟಾಲ್ ಅನ್ನೋ ಮೆನು ಅದರಲ್ಲೇ ಬರ್ತೈತೆ, ಸುಲಭ ಮಾಡವ್ರೆ. ಆದ್ರೆ ಅದನ್ನ ಬಳಸ್ದೆ ಅಂದ್ರೆ ಆರ್ಚ್ ಮಂದಿ ನಿಮ್ಮನ್ನ ಪಂಕ್ತೀಲಿ ಕೂರಿಸಲ್ಲ.

ಆಮೇಲೆ ಜೆಂಟೂ. ಅಲ್ಲಿ ತಂತ್ರಾಂಶಾನ ಮೂಲ ಕೋಡಿಂದ ನಿಮ್ಮ ಯಂತ್ರದಲ್ಲೇ ಕಂಪೈಲ್ ಮಾಡ್ಕೊಬೇಕು. ನನ್ನಂಥವನ ಮೇಲೆ ಬ್ರೌಸರ್ ಕಂಪೈಲ್ ಮಾಡೋಕೆ ಕೂತ್ರೆ, ಪಹಣಿ ಕೇಳೋಕೆ ಬಂದ ಗಿರಾಕಿ ಅಷ್ಟೊತ್ತಿಗೆ ಜಮೀನು ಮಾರ್ಕೊಂಡು, ಅದು ಲೇಔಟ್ ಆಗಿರ್ತೈತೆ. 2023ರ ಕೊನೆಯಿಂದ ಅವ್ರೂ ತಯಾರಾದ ಪ್ಯಾಕೇಜು ಕೊಡೋಕೆ ಶುರುಮಾಡವ್ರೆ, ಪುಣ್ಯ.

ಡೆಬಿಯನ್ ಗಟ್ಟಿ ಆಸಾಮಿ. ಮೊದಲೆಲ್ಲ ಮಡಿ ಜಾಸ್ತಿ. ಮುಕ್ತವಲ್ಲದ ಫರ್ಮ್‌ವೇರ್ ಅಂತ ವೈ-ಫೈದನ್ನ ಮಾಮೂಲಿ ಐಎಸ್‌ಒ ಒಳಕ್ಕೇ ಬಿಡ್ತಿರಲಿಲ್ಲ. ವೈ-ಫೈ ಫರ್ಮ್‌ವೇರ್ ಇಳಿಸೋಕೆ ಇಂಟರ್ನೆಟ್ ಬೇಕು, ಇಂಟರ್ನೆಟ್ಟಿಗೆ ವೈ-ಫೈ ಬೇಕು. ಆದಾಯ ಪ್ರಮಾಣಪತ್ರಕ್ಕೆ ಅಲೆದೋರಿಗೆ ಈ ನಿಯಮ ಹೊಸದೇನಲ್ಲ ಬಿಡಿ. 2023ರ ಡೆಬಿಯನ್ 12ರಿಂದ ಆ ಮಡಿ ಸಡಿಲ ಆಯ್ತು.

ಫೆಡೋರಾ ಬಂತು, ಚುರುಕು. ಎಲ್ಲ ಹೊಸದು. ಅದೇ ತೊಂದರೆ. ಒಂದು ಆವೃತ್ತಿಗೆ ಆಯುಸ್ಸು ಸುಮಾರು ಹದಿಮೂರು ತಿಂಗಳು. ವಿಡಿಯೊ ನೋಡೋಕೆ ಕೆಲವು ಕೋಡೆಕ್ ಬೇರೆ ಕಡೆಯಿಂದ ತರಬೇಕು. ಉಬುಂಟು ಹಾಕೋದು ನೀರು ಕುಡಿದಷ್ಟು ಸುಲಭ: ಭಾಷೆ ಕೇಳ್ತು, ಊರು ಕೇಳ್ತು, ಹೆಸರು ಕೇಳ್ತು, ಮುಗೀತು. ಆದ್ರೆ ನನ್ನ ನಾಲ್ಕು ಜಿಬಿ ರ‍್ಯಾಮಿಗೆ ಅದರ ಗ್ನೋಮ್ ಪರದೆ ಭಾರ. ಅದರಲ್ಲಿ ಫೈರ್‌ಫಾಕ್ಸು ಸ್ನ್ಯಾಪ್ ರೂಪದಲ್ಲಿ ಬರ್ತೈತೆ. ಮೊದಲ ಸಲ ತೆರೆಯೋವಾಗ ಹುಡುಗ ಹೋಗಿ ಟೀ ಕುಡಿದು ಬಂದ.

ಕೊನೆಗೆ ಲಿನಕ್ಸ್ ಮಿಂಟ್, ಅದರಲ್ಲೂ ಎಕ್ಸ್‌ಎಫ್‌ಸಿಇ ಆವೃತ್ತಿ. ಎರಡು ಜಿಬಿ ರ‍್ಯಾಮಿದ್ರೂ ಓಡುತ್ತೆ ಅಂತಾರೆ, ನಾಲ್ಕಿದ್ರೆ ಆರಾಮ. ಕೋಡೆಕ್ ಬೇಕಾ ಅಂತ ಇನ್‌ಸ್ಟಾಲ್ ಮಾಡೋವಾಗ್ಲೇ ಕೇಳ್ತೈತೆ, ಒಂದು ಟಿಕ್ ಹಾಕಿದ್ರೆ ಸಾಕು. ಎಡಗಡೆ ಕೆಳಗೆ ಮೆನು ಬಟನ್ನು. ಅಂಗಡಿ ಯಜಮಾನ್ರು ಅಭ್ಯಾಸಬಲದಿಂದ ಅಲ್ಲೇ ಒತ್ತಿದ್ರು, ತೆರ್ಕೊಂತು. ಅಲ್ಲಿಗೆ ತೀರ್ಮಾನ ಆಯ್ತು.

ಪ್ರಶ್ನೆ: ಜೋರಿನ್ ಎಂಬುದೂ ಇದೆಯಲ್ಲ?

ಡಬ್ಬಪ್ಪ: ಐತೆ. ಆಕಾಶ ನೋಡಿ ಕಲ್ಲು ಹೊಡೆಯೋರಲ್ಲ ಅವ್ರು, ಮುಹೂರ್ತ ನೋಡಿ ಹೊಡೆದ್ರು. ವಿಂಡೋಸ್ 10 ಮುಗಿದ ದಿನವೇ, ಅದೇ ಅಕ್ಟೋಬರ್ 14ರಂದೇ, ಜೋರಿನ್ 18 ಬಿಡುಗಡೆ ಮಾಡಿದ್ರು. ನೋಡೋಕೆ ವಿಂಡೋಸ್ ಥರಾನೇ ಇರ್ತೈತೆ. ಸಾವಿನ ಮನೆ ಮುಂದೇನೇ ಮದುವೆ ದಲ್ಲಾಳಿ ನಿಂತಂಗಿತ್ತು ಅಂತ ನಾನು ಹೇಳಲ್ಲ, ಯಾಕಂದ್ರೆ ತುಂಬಾ ಜನಕ್ಕೆ ಅದರಿಂದ ಒಳ್ಳೇದೇ ಆಯ್ತು.

ಪ್ರಶ್ನೆ: ಹಾಗಿದ್ದರೆ ಲಿನಕ್ಸ್ ಹಾಕುವುದು ಕಷ್ಟ ಎಂಬ ಮಾತು ಸುಳ್ಳೇ?

ಡಬ್ಬಪ್ಪ: ಹಾಕೋದು ಅರ್ಧ ಗಂಟೆ ಕೆಲಸ. ಅಂತರ್ಜಾಲದಲ್ಲಿರೋ ಹೋಲಿಕೆಗಳೆಲ್ಲ ಆ ಅರ್ಧ ಗಂಟೇದೇ. ಯಾವುದರ ಪರದೆ ಚಂದ, ಯಾವುದು ಎಷ್ಟು ಬೇಗ ಬೂಟ್ ಆಗ್ತೈತೆ ಅಂತ. ನನ್ನ ಅಂಗಡಿಯ ಕಷ್ಟ ಅದರ ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಶುರುವಾಯ್ತು. ಮೊದಲನೇ ಗಿರಾಕಿ ‘ಎರಡು ಪ್ರಿಂಟ್ ಕೊಡಪ್ಪ’ ಅಂದ.

ಪ್ರಶ್ನೆ: ಪ್ರಿಂಟ್ ಬರಲಿಲ್ಲವೇ?

ಡಬ್ಬಪ್ಪ: ನಮ್ಮಲ್ಲಿರೋದು ಹಳೇ ಲೇಸರ್ ಪ್ರಿಂಟರ್. ಕಂಪನಿ ಹೆಸರು ಬೇಡ, ಪಕ್ಕದಲ್ಲೇ ಕೂತೈತೆ, ಬೇಜಾರು ಮಾಡ್ಕೊಂತದೆ. ಪೋಸ್ಟ್‌ಸ್ಕ್ರಿಪ್ಟ್, ಪಿಸಿಎಲ್ ಅಂತ ಎಲ್ಲರಿಗೂ ತಿಳಿಯೋ ಪ್ರಿಂಟರ್ ಭಾಷೆಗಳವೆ. ಇದು ಮಾತ್ರ ಅದರ ಕಂಪನಿಯ ಗುಟ್ಟಿನ ಭಾಷೆ ಬಿಟ್ಟು ಬೇರೆ ಆಡಲ್ಲ. ಲಿನಕ್ಸಲ್ಲಿ ಕಪ್ಸ್ ಅನ್ನೋ ವ್ಯವಸ್ಥೆ ಪ್ರಿಂಟ್ ಕೆಲಸ ನೋಡ್ಕೊಂತದೆ. ಇವ್ನ ಮಾತು ಅವ್ನಿಗೆ ತಿಳೀಲಿಲ್ಲ, ಅವ್ನ ಮಾತು ಇವ್ನಿಗೆ ತಿಳೀಲಿಲ್ಲ. ಹುಡುಗ ರಾತ್ರಿಯೆಲ್ಲ ಕೂತು ಡ್ರೈವರ್ ಹುಡುಕಿ ಹಾಕಿ ಮಾತಾಡಿಸಿದ. ಈಗಿನ ಹೊಸ ಪ್ರಿಂಟರ್‌ಗಳು ಎಷ್ಟೋ ಡ್ರೈವರೇ ಇಲ್ಲದೆ ಓಡ್ತವೆ. ಹೊಸದು ತಗೊಳೋರು ಅಂಗಡಿಯವನ್ನ ಇದೊಂದು ಮಾತು ಕೇಳಿ ತಗೊಳಿ.

ಇನ್ನು ಹೆಬ್ಬೆಟ್ಟು ಒತ್ತಿಸಿಕೊಳ್ಳೋ ಯಂತ್ರ. ನಮ್ಮದರ ಜೊತೆ ಬಂದ ತಂತ್ರಾಂಶ ವಿಂಡೋಸಿಗೆ ಮಾತ್ರ. ಅದಕ್ಕೇ ಆ ಕೆಲಸ ಈಗ ಯಜಮಾನ್ರ ಲ್ಯಾಪ್‌ಟಾಪಿಗೆ. ನಂಗೆ ನಿವೃತ್ತಿ ಅಲ್ಲ, ಹಗುರ ಕೆಲಸ.

ಪ್ರಶ್ನೆ: ಕನ್ನಡ ಟೈಪಿಂಗ್?

ಡಬ್ಬಪ್ಪ: ಇದೇ ನೋಡಿ ದೊಡ್ಡ ಪ್ರಶ್ನೆ. ‘ನುಡಿ ಐತಾ?’ ಅಂತ ಎಲ್ಲಾರೂ ಕೇಳಿದ್ರು. ನುಡಿಯನ್ನ ಕನ್ನಡ ಗಣಕ ಪರಿಷತ್ತಿನವರು ವಿಂಡೋಸಿಗಾಗಿ ಮಾಡಿದ್ದು. ಆದ್ರೆ ನುಡಿಯ ಕೀಲಿಮಣೆಗೆ ಆಧಾರ ಕೆ.ಪಿ. ರಾವ್ ಅವರ ವಿನ್ಯಾಸ, ಅದು ಲಿನಕ್ಸಲ್ಲೂ ಐತೆ. ಐಬಸ್ ಜೊತೆ ಎಂ17ಎನ್ ಹಾಕಿ, ಕನ್ನಡದಲ್ಲಿ ಕೆಜಿಪಿ ಅಂತ ಆರಿಸಿದ್ರೆ ಬೆರಳಿಗೆ ವ್ಯತ್ಯಾಸವೇ ಗೊತ್ತಾಗಲ್ಲ. ಲೋಹಿತ್, ಗುಬ್ಬಿ, ನವಿಲು ಅಂತ ಫಾಂಟುಗಳವೆ, ಎಲ್ಲ ಮುಕ್ತ, ಎಲ್ಲ ಯೂನಿಕೋಡ್.

ತಲೆನೋವು ಹಳೇ ಫೈಲ್‌ಗಳದ್ದು. ಹದಿನಾಲ್ಕು ವರ್ಷದ ಲಗ್ನಪತ್ರಿಕೆ, ತಕರಾರು ಅರ್ಜಿ, ಭಾವಪೂರ್ಣ ಶ್ರದ್ಧಾಂಜಲಿ ಎಲ್ಲ ನನ್ನ ಹೊಟ್ಟೇಲಿ ಹಳೇ ಪದ್ಧತೀಲಿ ಅವೆ. ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿರೋ ಫಾಂಟು. ಆ ಫಾಂಟ್ ಇಲ್ಲದೆ ತೆರೆದ್ರೆ ಲಗ್ನಪತ್ರಿಕೇಲಿ ವರ ಯಾರು, ವಧು ಯಾರು, ಮುಹೂರ್ತ ಯಾವುದು, ಒಂದೂ ತಿಳಿಯಲ್ಲ. ಅದು ಲಿನಕ್ಸಿನ ತಪ್ಪಲ್ಲ, ನಿಮ್ಮ ಮೊಬೈಲಲ್ಲೂ ಅದೇ ಗತಿ. ಯೂನಿಕೋಡಿಗೆ ಬದಲಾಯಿಸೋ ಪರಿವರ್ತಕಗಳವೆ, ಒಂದೊಂದೇ ಬದಲಾಯಿಸ್ತಾ ಅವ್ನೆ ಹುಡುಗ.

ಪ್ರಶ್ನೆ: ಇಷ್ಟೆಲ್ಲ ಪಾಡು ನೋಡಿದರೆ ವಿಂಡೋಸೇ ಸುಲಭವಾಗಿತ್ತು ಅನಿಸುವುದಿಲ್ಲವೇ?

ಡಬ್ಬಪ್ಪ: (ಫ್ಯಾನ್ ಜೋರಾಗಿ ತಿರುಗಿಸುತ್ತ) ನಮ್ಮ ಹೋಬಳೀಲಿ ವಿಂಡೋಸ್ ತಾವೇ ಹಾಕ್ಕೊಂಡೋರು ಎಷ್ಟು ಜನ ಅವ್ರೆ, ತೋರಿಸಿ ನೋಡೋಣ. ಎಲ್ಲ ಹಾಕಿಸ್ಕೊಂಡೋರೇ. ನಾನು ಬೆಂಗಳೂರಿನ ಎಸ್.ಪಿ. ರೋಡಲ್ಲಿ ಅಸೆಂಬಲ್ ಆದೋನು. ಅಲ್ಲೇ ಒಬ್ಬ ವಿಂಡೋಸ್ ತುಂಬಿ, ಡ್ರೈವರ್ ತುಂಬಿ, ನುಡಿ ತುಂಬಿ, ಎರಡು ಸಿನಿಮಾನೂ ತುಂಬಿ ಕಳಿಸ್ದ. ಲೈಸೆನ್ಸ್ ವಿಚಾರ ಕೇಳಬೇಡಿ, ನಾನು ಆಗ ಮೈನರು. ಕೆಟ್ಟೋದ್ರೆ ಫಾರ್ಮ್ಯಾಟ್ ಮಾಡೋಕೆ ದೊಡ್ಡಬಳ್ಳಾಪುರದಿಂದ ಒಬ್ಬ ಬರ್ತಿದ್ದ. ಮುನ್ನೂರು ರೂಪಾಯಿ, ಒಂದು ಕಾಫಿ. ವಿಂಡೋಸ್ ಸುಲಭ ಅಂತ ಹೆಸರು ಬಂದಿದ್ದು ಆ ಪುಣ್ಯಾತ್ಮನಿಂದ. ಲಿನಕ್ಸಿಗೆ ಅಂಥವನಿಲ್ಲ, ಅದಕ್ಕೇ ಅದು ಕಷ್ಟ.

ಪ್ರಶ್ನೆ: ಪರಿಣತರೇನೂ ಕಡಿಮೆ ಇಲ್ಲವಲ್ಲ? ಬೆಂಗಳೂರು ಪಕ್ಕದಲ್ಲೇ ಇದೆ.

ಡಬ್ಬಪ್ಪ: ಅದೇ ತಮಾಷೆ. 1996ರಲ್ಲಿ ಪಿಸಿ ಕ್ವೆಸ್ಟ್ ಪತ್ರಿಕೆ ಜೊತೆ ಲಿನಕ್ಸ್ ಸಿ.ಡಿ. ಹಂಚಿ ದೇಶಕ್ಕೆಲ್ಲ ಇದರ ರುಚಿ ಹತ್ತಿಸಿದೋರಲ್ಲಿ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಖ್ಯರು. 2001ರಿಂದ ಬೆಂಗಳೂರಲ್ಲಿ ಲಿನಕ್ಸ್ ಸಮಾವೇಶ ನಡೀತಿತ್ತು, ಆಮೇಲೆ ಅದಕ್ಕೆ ಫಾಸ್ ಡಾಟ್ ಇನ್ ಅಂತ ಹೆಸರಾಯ್ತು. ಐಐಎಸ್‌ಸಿ ಮೇಷ್ಟ್ರುಗಳು ಸೇರಿ ಲಿನಕ್ಸ್ ಮೇಲೇನೇ ಸಿಂಪ್ಯೂಟರ್ ಮಾಡಿದ್ರು. ಹಳ್ಳಿಯೋರ ಕೈಗೂ ಕಂಪ್ಯೂಟರ್ ಬರಲಿ ಅಂತ. 2004ರಲ್ಲಿ ಮಾರಾಟಕ್ಕೂ ಬಂತು, ಹಳ್ಳಿ ತಲುಪಲಿಲ್ಲ. ದೇವನಹಳ್ಳಿ ವಿಮಾನ ನಿಲ್ದಾಣದಿಂದ ಜಗತ್ತಿಗೆಲ್ಲ ಲಿನಕ್ಸ್ ಸರ್ವರ್ ನೋಡ್ಕೊಳೋ ಇಂಜಿನಿಯರ್‌ಗಳು ಹಾರ್ತಾರೆ. ಅಲ್ಲಿಂದ ಮಧುರೆಗೆ ಬಸ್ ಹತ್ತಿದೋರು ಕಾಣೆ.

ಶನಿವಾರ ಮಾತ್ರ ಬರ್ತಾರೆ. ಹೋದ ತಿಂಗಳು ಇಬ್ರು ಆಧಾರ್ ಜೆರಾಕ್ಸಿಗೆ ಬಂದು, ನನ್ನ ಪರದೆ ನೋಡಿ ಸಂತೋಷಪಟ್ರು. ಒಬ್ಬ ‘ಆರ್ಚ್ ಹಾಕು’ ಅಂದ, ಇನ್ನೊಬ್ಬ ‘ಫೆಡೋರಾ ಬಿಟ್ಟು ಬೇರೆ ಇಲ್ಲ’ ಅಂದ. ಲಿನಕ್ಸನ್ನ ಎಬ್ಬಿಸೋ ಸಿಸ್ಟಮ್‌ಡಿ ಸರಿಯೋ ತಪ್ಪೋ ಅಂತ ಅಂಗಡಿ ಮುಂದೇನೇ ಜಗಳ. ‘ಅಣ್ಣಾ, ಪ್ರಿಂಟರ್ ಒಂಚೂರು ನೋಡಿ’ ಅಂದ ಹುಡುಗ. ಇಬ್ರಿಗೂ ಒಟ್ಟಿಗೆ ಫೋನ್ ಬಂತು.

ಪ್ರಶ್ನೆ: ಎಲ್ಲಾದರೂ ಇದು ಸರಿಯಾಗಿ ನಡೆದದ್ದುಂಟೇ?

ಡಬ್ಬಪ್ಪ: ಪಕ್ಕದ ಕೇರಳದಲ್ಲಿ ನಡೆದೈತೆ. ಐಟಿ@ಸ್ಕೂಲ್ ಅಂತಿತ್ತು, ಈಗ ಕೈಟ್ ಅಂತಾರೆ. ಸರ್ಕಾರಿ ಶಾಲೆಗಳಿಗೆಲ್ಲ ತಮ್ಮದೇ ಒಂದು ಲಿನಕ್ಸ್ ಸಿದ್ಧಮಾಡಿ ಹಾಕಿದ್ರು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲೇ ಕಲಿತಾವೆ. ಅವ್ರು ಗೆದ್ದಿದ್ದು ಯಾವ ಡಿಸ್ಟ್ರೋ ಉತ್ತಮ ಅಂತ ವಾದ ಮಾಡಿ ಅಲ್ಲ. ಒಂದನ್ನ ಆರಿಸಿ, ಅದನ್ನೇ ಎಲ್ಲ ಕಡೆ ಹಾಕಿ, ಮೇಷ್ಟ್ರುಗಳಿಗೆ ತರಬೇತಿ ಕೊಟ್ರು. ಕೆಟ್ರೆ ಯಾರನ್ನ ಕೇಳಬೇಕು ಅಂತ ಪ್ರತಿ ಶಾಲೆಗೂ ಗೊತ್ತಿತ್ತು.

ಪ್ರಶ್ನೆ: ನಿಮ್ಮ ಗಿರಾಕಿಗಳು ಏನನ್ನುತ್ತಾರೆ?

ಡಬ್ಬಪ್ಪ: ಅವ್ರಿಗೆ ಗೊತ್ತೇ ಇಲ್ಲ. ಸೇವಾಸಿಂಧು, ನಾಡಕಚೇರಿ, ಭೂಮಿ ಎಲ್ಲ ಬ್ರೌಸರಲ್ಲೇ ತೆರೀತಾವೆ. ಒಬ್ಬ ಅಜ್ಜಿ ಮಾತ್ರ ‘ಟಿ.ವಿ. ಬಣ್ಣ ಬದಲಾಯಿಸಿದ್ಯೇನೋ ಮಗ’ ಅಂದ್ಲು. ‘ಸರ್ವರ್ ಡೌನ್’ ಅನ್ನೋದು ಅವತ್ತೂ ಬರ್ತಿತ್ತು, ಇವತ್ತೂ ಬರ್ತೈತೆ. ಅದಕ್ಕೆ ಯಾವ ಡಿಸ್ಟ್ರೋದಲ್ಲೂ ಮದ್ದಿಲ್ಲ.

ಪ್ರಶ್ನೆ: ಕೊನೆಯದಾಗಿ, ನಿಮ್ಮ ವಯಸ್ಸಿನ ಕಂಪ್ಯೂಟರ್ ಇಟ್ಟುಕೊಂಡಿರುವ ಓದುಗರಿಗೆ ಏನು ಹೇಳುತ್ತೀರಿ?

ಡಬ್ಬಪ್ಪ: ಗುಜರಿಗೆ ಹಾಕೋಕೆ ಮುಂಚೆ ಒಂದು ಪೆನ್ ಡ್ರೈವ್ ಹಾಕಿ ನೋಡಿ. ಮೊದ್ಲು ಫೋಟೊ, ಫೈಲ್ ಎಲ್ಲ ಬೇರೆ ಕಡೆ ನಕಲು ಮಾಡ್ಕೊಳಿ. ಲೈವ್‌ನಲ್ಲೇ ನಿಮ್ಮ ವೈ-ಫೈ ಹಿಡಿಯುತ್ತಾ, ನಿಮ್ಮ ಪ್ರಿಂಟರಿಂದ ಒಂದು ಹಾಳೆ ಬರುತ್ತಾ, ಕನ್ನಡದಲ್ಲಿ ನಿಮ್ಮ ಹೆಸರು ಟೈಪಾಗುತ್ತಾ, ಈ ಮೂರನ್ನೂ ಪರೀಕ್ಷೆ ಮಾಡಿ. ಮೂರೂ ಆದ್ರೆ ಹಾಕ್ಕೊಳಿ, ಆಗದಿದ್ರೆ ಇನ್ನೊಂದು ಡಿಸ್ಟ್ರೋ ನೋಡಿ. ನನ್ನ ಕೇಳಿದ್ರೆ ಹಳೇ ಯಂತ್ರಕ್ಕೆ ಮಿಂಟ್ ಎಕ್ಸ್‌ಎಫ್‌ಸಿಇ ಅಂತೀನಿ. ಆದ್ರೆ ನಿಮ್ಮ ಪಕ್ಕದ ಮನೆ ಹುಡುಗಿಗೆ ಫೆಡೋರಾ ಬರುತ್ತೆ ಅಂದ್ರೆ ಕಣ್ಣು ಮುಚ್ಕೊಂಡು ಫೆಡೋರಾ ಹಾಕ್ಕೊಳಿ. ನಿಮ್ಮೂರಲ್ಲಿ ಯಾರಿಗೆ ಯಾವುದು ಬರುತ್ತೋ ಅದೇ ಸುಲಭದ ಡಿಸ್ಟ್ರೋ. ಕಲಿತೋರು ಇನ್ನೊಬ್ಬರಿಗೆ ಕಲಿಸಿ, ಫೋನ್ ಮಾಡಿದ್ರೆ ಎತ್ತಿ.