ವಂದನಾರ್ಪಣೆಯ ಡೈರಿ

ದಿನಕ್ಕೊಂದು ಕೃತಜ್ಞತೆ ಬರೆಯಪ್ಪ, ಮನಸ್ಸು ಹಗುರಾಗುತ್ತೆ ಅಂತ ಮಗಳು ಡೈರಿ ಕೊಟ್ಟಳು. ಜೊತೆಗೆ ಆಧಾರವೂ ಉಂಟು. 2003ರಲ್ಲಿ ಎಮನ್ಸ್, ಮೆಕಲಾ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೊಮ್ಮೆ ಐದರವರೆಗೆ ಉಪಕಾರ ಬರೆದಿಟ್ಟವರು ಕಿರಿಕಿರಿ ಬರೆದವರಿಗಿಂತ ನೆಮ್ಮದಿಯಾಗಿದ್ದರಂತೆ. ನನ್ನನ್ನು ಆ ಕಿರಿಕಿರಿ ಗುಂಪಿಗೆ ಹಾಕಿದ್ದರೆ ಹೆಚ್ಚುವರಿ ಹಾಳೆ ಕೇಳಿ ಬರೆಯುತ್ತಿದ್ದೆ!

ಮೊದಲ ದಿನ: ಹಾಲು ಉಕ್ಕಲಿಲ್ಲ. ಎರಡನೇ ದಿನ: ಉಕ್ಕಿತು, ಆದರೆ ಕಾವಲಿಗಿದ್ದವನು ನಾನಲ್ಲ. ಮೂರನೇ ದಿನ ನಲ್ಲಿಯಲ್ಲಿ ನೀರು ಬಂತು. ನಾಲ್ಕನೇ ದಿನಕ್ಕೆ ಸರಕು ಖಾಲಿ.

ಸರಿ, ಬಾಯಿಬಿಟ್ಟೇ ಹೇಳೋಣವೆಂದು ಕಾಫಿ ತಂದ ಹೆಂಡತಿಗೆ "ಧನ್ಯವಾದ" ಎಂದೆ. ಅವಳು ನಿಂತಲ್ಲೇ ನಿಂತಳು. "ಏನು ಒಡೆದು ಹಾಕಿದ್ರಿ?"

ಅವಳ ತಪ್ಪಲ್ಲ ಬಿಡಿ. ನಮ್ಮಲ್ಲಿ ಧನ್ಯವಾದವೇನಿದ್ದರೂ ವೇದಿಕೆಯ ಮಾಲು. ಅಲ್ಲೂ ಅಷ್ಟೆ, ವಂದನಾರ್ಪಣೆಯವರು ಮೈಕ್ ಹಿಡಿದರೆಂದರೆ ಸಭೆಗೆ ಚಪ್ಪಲಿ ಹುಡುಕುವ ಹೊತ್ತು. ಶಾಮಿಯಾನದವರಿಗೆ ಸಲ್ಲುವ ಕೃತಜ್ಞತೆಯನ್ನು ಕೇಳಿಸಿಕೊಳ್ಳುವವರು ಶಾಮಿಯಾನದವರೊಬ್ಬರೇ, ಅದೂ ಬಿಚ್ಚಿಕೊಂಡು ಹೋಗಲು ಕಾದಿರುವುದರಿಂದ. ಮನೆಯೊಳಗೆ "ಇನ್ನೊಂದು ಸೌಟು ಸಾರು ಹಾಕು" ಅಂದರಾಯಿತು. ಊಟ ಮುಗಿದ ಮೇಲೆ ಬರುವ ಗಟ್ಟಿ ತೇಗಂತೂ ಅಭಿನಂದನಾ ಪತ್ರವೇ. ನನ್ನ ಅಜ್ಜಿ ಎದ್ದೊಡನೆ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಡೈರಿಯ ಖರ್ಚೂ ಇರಲಿಲ್ಲ.

ಆ ರಾತ್ರಿ ಡೈರಿಯಲ್ಲಿ ಬರೆದೆ: ಅಡುಗೆಮನೆಯ ಮೂಲೆಗೆ ಸರಿಸಿಟ್ಟ ಗಾಜಿನ ಲೋಟದ ಚೂರು ಇನ್ನೂ ಅವಳ ಕಣ್ಣಿಗೆ ಬಿದ್ದಿಲ್ಲ.